ಅರೇಬಿಕ್ ಲಿಪಿಕಲೆ ಮತ್ತು ಜ್ಯಾಮಿತೀಯ ಅಲಂಕರಣ (ಕರ್ನಾಟಕ)

ಅಕ್ಷರ ಹಾಗೂ ರೇಖಾಗಣಿತವನ್ನೇ ಅಲಂಕಾರವಾಗಿಸಿದ ಕಲಾಪರಂಪರೆ. ರಾಜ್ಯದಲ್ಲಿ ಬಹಮನಿ ಕಾಲದಿಂದ ಬೆಳೆದುಬಂದಿದೆ. ಬೀದರಿನ ಮಹಮೂದ್ ಗವಾನ್ ಮದರಸಾದ (1472) ಮುಂಭಾಗದಲ್ಲಿ ಬಣ್ಣದ ಮೆರುಗುಬಿಲ್ಲೆಗಳ ಮೇಲಿನ ಬರಹ ಅಲ್ಲಲ್ಲಿ ಉಳಿದಿದೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಕಲ್ಲನ್ನೇ ಅಕ್ಷರಗಳಾಗಿ ಕೊರೆದಿದ್ದಾರೆ; ಬರಹದ ಸಂದಿಯಿಂದಲೇ ಬೆಳಕು ಒಳಬರುತ್ತದೆ.

ಮಲೆನಾಡಿಗೂ ಈ ಗಾಳಿ ತಾಗಿತ್ತು. ಸಾಗರ ತಾಲ್ಲೂಕಿನ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಮಾನುಗಳಲ್ಲಿ ಸುಲ್ತಾನರ ಕಾಲದ ವಾಸ್ತುಶೈಲಿಯ ಛಾಯೆಯಿದೆ.

ಸಮಕಾಲೀನ ಲಿಪಿಕಾರರಲ್ಲಿ ಬೆಂಗಳೂರಿನ ಮುಖ್ತಾರ್ ಅಹ್ಮದ್ ಪ್ರಮುಖರು. ಇಸ್ತಾಂಬುಲ್‌ನಿಂದ ‘ಇಜಾಜಾ’ ಎಂಬ ಸಾಂಪ್ರದಾಯಿಕ ಅರ್ಹತಾಪತ್ರ ಪಡೆದ ಅವರು ನಸ್ಖ್, ಥುಲುತ್ ಶೈಲಿಗಳಲ್ಲಿ ಕೃತಿ ರಚಿಸುವುದರ ಜೊತೆಗೆ ಶಿಷ್ಯರಿಗೂ ಕಲಿಸುತ್ತ ಬಂದಿದ್ದಾರೆ.