ಲವಣಸಮುದ್ರದ ವೃದ್ಧಿಹಾನಿ: ಕರಣಾನುಯೋಗದ ಗಣಿತ ಮತ್ತು ಪಾಠನಿರ್ಣಯ

ಹುನಗುಂದ ಸೀಮೆಯ ಐಹೊಳೆಗೆ ಕಡಲು ಬಹುದೂರ. ಆದರೂ ಅಲ್ಲಿಯ ಮೇಗುಟಿ ಜಿನಾಲಯದ ಭಿತ್ತಿಯಲ್ಲಿರುವ ರವಿಕೀರ್ತಿಯ ಪ್ರಶಸ್ತಿಯಲ್ಲಿ (ಶಕ ೫೫೬, ಕ್ರಿ.ಶ. ೬೩೪) ಸಮುದ್ರವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇಮ್ಮಡಿ ಪುಲಕೇಶಿಯ ದಂಡು ಅಲೆಗಳಂತೆ ನುಗ್ಗಿ ಕೊಂಕಣದ ಮೌರ್ಯರೆಂಬ ಹೊಂಡಗಳ ನೀರನ್ನು ಕೊಚ್ಚಿಹಾಕಿತೆಂಬ ರೂಪಕವೂ, ಪಶ್ಚಿಮಸಮುದ್ರದ ಲಕ್ಷ್ಮಿಯೆನಿಸಿದ ಪುರಿಯನ್ನು ನೌಕೆಗಳಿಂದ ಮುತ್ತಿದ ವರ್ಣನೆಯೂ ಅದರಲ್ಲಿವೆ. ಕವಿಗೆ ಅಲಂಕಾರವಾದ ಸಮುದ್ರದ ಉಕ್ಕು ಕರಣಾನುಯೋಗದ ಆಚಾರ್ಯರಿಗೆ ಗಣಿತದ ವಿಷಯ.

ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತ್ರಿಲೋಕಸಾರದಲ್ಲಿ ಈ ವಿಷಯವನ್ನು ನಿರೂಪಿಸಿದ್ದಾರೆ. ಲವಣಸಮುದ್ರದ ನಾಲ್ಕು ದಿಕ್ಕುಗಳಲ್ಲಿ ಲಕ್ಷ ಯೋಜನ ಆಳದ ನಾಲ್ಕು ಮಹಾಪಾತಾಳಗಳಿವೆ. ಪ್ರತಿಯೊಂದರ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ವಾಯು, ನಡುವೆ ವಾಯು ಮತ್ತು ಜಲ, ಮೇಲೆ ಜಲ. ಶುಕ್ಲಪಕ್ಷದಲ್ಲಿ ನಡುಭಾಗದ ವಾಯು ದಿನಕ್ಕೆ ೨,೨೨೨ ೨/೯ ಯೋಜನದಂತೆ ಬೆಳೆಯುತ್ತದೆ. ಕೃಷ್ಣಪಕ್ಷದಲ್ಲಿ ಅಷ್ಟೇ ಕುಗ್ಗುತ್ತದೆ. ಅದಕ್ಕನುಸಾರವಾಗಿ ಅಮಾವಾಸ್ಯೆಯಂದು ೧೧,೦೦೦ ಯೋಜನವಿದ್ದ ಜಲಶಿಖರವು ಹುಣ್ಣಿಮೆಯಂದು ೧೬,೦೦೦ ಯೋಜನಕ್ಕೇರುತ್ತದೆ. ಇಲ್ಲಿ ತಿಥಿಯು ಕಾಲಸೂಚಕ ಮಾತ್ರ, ಕಾರಣವು ಪಾತಾಳವಾಯು. ಏರಿದ ವೇಲೆಯನ್ನು ತಡೆದು ನಿಲ್ಲಿಸುವವರು ವೇಲಂಧರ ನಾಗಕುಮಾರರು: ಒಳಗಡೆ ೪೨,೦೦೦, ಹೊರಗಡೆ ೭೨,೦೦೦, ಶಿಖರದ ಮೇಲೆ ೨೮,೦೦೦.

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಉಬ್ಬರವಿಳಿತದ ಕ್ರಮವೇ ಬೇರೆ. ಅದಕ್ಕೆ ಚಂದ್ರಸೂರ್ಯರ ಆಕರ್ಷಣೆ ಕಾರಣ. ಸುಮಾರು ೨೪ ಗಂಟೆ ೫೦ ನಿಮಿಷಗಳ ಚಾಂದ್ರದಿನದಲ್ಲಿ ನೀರು ಎರಡು ಸಲ ಏರಿ ಎರಡು ಸಲ ಇಳಿಯುವುದರಿಂದ ಉಬ್ಬರದ ವೇಳೆ ದಿನದಿನಕ್ಕೆ ಸುಮಾರು ೫೦ ನಿಮಿಷ ಹಿಂದೆ ಬೀಳುತ್ತದೆ. ಸೂರ್ಯಚಂದ್ರರು ಒಂದೇ ರೇಖೆಗೆ ಬರುವ ಹುಣ್ಣಿಮೆ, ಅಮಾವಾಸ್ಯೆಗಳೆರಡರ ಆಸುಪಾಸಿನಲ್ಲಿಯೂ ಉಬ್ಬರ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಆಗಮವು ಅಮಾವಾಸ್ಯೆಗೆ ಹೇಳುವುದು ಕನಿಷ್ಠವನ್ನು.

ಈ ಭೇದವನ್ನು ಮರೆಮಾಚಲು ಗಾಹೆಯ ಅರ್ಥವನ್ನು ಎಳೆದಾಡುವುದು ಪಾಂಡಿತ್ಯವೆನಿಸದು. ಪ್ರತ್ಯಕ್ಷಕ್ಕೆ ಹೊಂದಿಸಲೆಂದು ‘ಅಮಾವಾಸ್ಯೆ’ಯ ಪಾಠವನ್ನೇ ಶಂಕಿಸುವುದಂತೂ ಇನ್ನೂ ಅಪಾಯಕರ. ಏಕೆಂದರೆ ಗ್ರಂಥದ ಗಣಿತವೇ ಆ ಪಾಠಕ್ಕೆ ಸಾಕ್ಷಿಯಾಗಿದೆ. ೧೬,೦೦೦ದಲ್ಲಿ ೧೧,೦೦೦ ಕಳೆದರೆ ೫,೦೦೦. ಹದಿನೈದರಿಂದ ಭಾಗಿಸಿದರೆ ದಿನವೃದ್ಧಿ ೩೩೩ ೧/೩ ಯೋಜನ. ಹಾಗೆಯೇ ೨,೨೨೨ ೨/೯ನ್ನು ಹದಿನೈದರಿಂದ ಗುಣಿಸಿದರೆ ೩೩,೩೩೩ ೧/೩, ಅಂದರೆ ಪಾತಾಳದ ಆಳದ ಸರಿಯಾದ ತೃತೀಯಾಂಶ. ಹದಿನೈದು ದಿನಗಳ ಏಕಮುಖ ವೃದ್ಧಿಯಿಲ್ಲದೆ ಈ ಲೆಕ್ಕ ಕೂಡಿಬರದು.

ತಾಳೆಗರಿಯ ಪ್ರತಿಗಳಲ್ಲಿ ಸಂಖ್ಯಾಶಬ್ದದ ಒಂದಕ್ಷರ ಜಾರಿದರೂ ಮಾನವು ವ್ಯತ್ಯಾಸವಾಗುತ್ತದೆ. ಅಂತಹ ಸ್ಥಳಗಳಲ್ಲಿ ಲಿಪಿಕಾರನ ದೋಷವನ್ನು ಹಿಡಿದುಕೊಡುವುದು ಗ್ರಂಥದ ಒಳಗಿನ ಗಣಿತವೇ ಹೊರತು ಹೊರಗಿನ ಕಡಲಲ್ಲ. ಕಡಲ ನಡೆಯನ್ನು ಕಡಲಿನಿಂದಲೂ ಆಚಾರ್ಯರ ಅಭಿಪ್ರಾಯವನ್ನು ಅವರ ಲೆಕ್ಕದಿಂದಲೂ ತಿಳಿಯುವುದೇ ಸಂಪಾದಕನಿಗೆ ಉಚಿತವಾದ ಮಾರ್ಗ.