ಆಳ ಹಿಮದ ಸವಾರಿ: ಸ್ನೋಮೊಬೈಲ್ ಬೆಟ್ಟವೇರಿದ ಬಗೆ

ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ಇಂದು ಸಾಹಸಕ್ರೀಡೆಯಾಗಿ ಬೆಳೆದಿರುವ ಸ್ನೋಮೊಬೈಲ್ ಸವಾರಿಯ ಮೂಲವನ್ನು ಅರಸಿ ಹೊರಟರೆ, ಬೆಟ್ಟಗಳಿಂದ ಬಹುದೂರದಲ್ಲಿರುವ ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಸಣ್ಣ ಊರಿಗೆ ಹೋಗಬೇಕಾಗುತ್ತದೆ. ಅಲ್ಲಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ ಅವರ ಎರಡು ವರ್ಷದ ಮಗ, ರಸ್ತೆಗಳೆಲ್ಲ ಹಿಮದಲ್ಲಿ ಮುಚ್ಚಿಹೋಗಿದ್ದರಿಂದ ಆಸ್ಪತ್ರೆಗೆ ಒಯ್ಯಲಾಗದೆ, 1934ರ ಚಳಿಗಾಲದಲ್ಲಿ ತೀರಿಕೊಂಡನು. ಹದಿಹರೆಯದಿಂದಲೇ ಹಿಮದ ಮೇಲೆ ಓಡುವ ಗಾಡಿಗಳನ್ನು ಕಟ್ಟುವ ಪ್ರಯತ್ನದಲ್ಲಿದ್ದ ಬೊಂಬಾರ್ಡಿಯೆ, ಹಲ್ಲುಚಕ್ರದಿಂದ ಸುತ್ತುವ ರಬ್ಬರ್ ಪಟ್ಟಿಯ ವ್ಯವಸ್ಥೆಯೊಂದನ್ನು ರೂಪಿಸಿ 1937ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಏಳು ಜನ ಕೂರಬಹುದಾದ ಅವರ ಮುಚ್ಚುಗಾಡಿಗಳು ರೋಗಿಗಳನ್ನೂ ಅಂಚೆಯನ್ನೂ ಶಾಲಾಮಕ್ಕಳನ್ನೂ ಹೊತ್ತು ಸಾಗಿದವು.

1948ರಲ್ಲಿ ಕ್ವಿಬೆಕ್ ಸರ್ಕಾರ ರಸ್ತೆಗಳ ಹಿಮವನ್ನು ತೆರವು ಮಾಡುವುದನ್ನು ಕಡ್ಡಾಯಗೊಳಿಸಿದ ಮೇಲೆ ಆ ದೊಡ್ಡ ಗಾಡಿಗಳ ಬೇಡಿಕೆ ಕುಸಿಯಿತು. ಅದೇ ಕಾಲಕ್ಕೆ ಹಗುರವಾದ ಎಂಜಿನ್‌ಗಳು ದೊರೆಯತೊಡಗಿದ್ದರಿಂದ ಒಬ್ಬಿಬ್ಬರು ಕೂರುವ ಚಿಕ್ಕ ಗಾಡಿಯ ಹಳೆಯ ಕನಸು ಸಾಧ್ಯವಾಗಿ, 1959ರಲ್ಲಿ ಸ್ಕೀ-ಡೂ ಮಾರುಕಟ್ಟೆಗೆ ಬಂದಿತು. ಅಮೆರಿಕದ ಮಿನ್ನೆಸೋಟದಲ್ಲಿ ಪೊಲಾರಿಸ್ ಕಂಪನಿಯೂ ಇಂಥದೇ ಗಾಡಿಗಳನ್ನು ತಯಾರಿಸುತ್ತಿತ್ತು. ಬೇಟೆಗಾರರಿಗೂ ಪಾದ್ರಿಗಳಿಗೂ ಉಪಯುಕ್ತವಾಗಲೆಂದು ಮಾಡಿದ ಈ ವಾಹನವನ್ನು ಜನ ವಿನೋದಕ್ಕಾಗಿ ಕೊಳ್ಳತೊಡಗಿದ್ದು ಅದರ ಚರಿತ್ರೆಯ ಮೊದಲ ದೊಡ್ಡ ತಿರುವು.

ಎರಡನೆಯ ತಿರುವನ್ನು ತಂದದ್ದು ಪರ್ವತದ ಹಿಮವೇ. ಬಯಲಿನ ಗಟ್ಟಿಹಿಮದಲ್ಲಿ ಸಲೀಸಾಗಿ ಓಡುತ್ತಿದ್ದ ಗಾಡಿ, ಸೊಂಟದವರೆಗೆ ಬಿದ್ದ ಪುಡಿಹಿಮದಲ್ಲಿ ಹೂತುಹೋಗುತ್ತಿತ್ತು. ಅದರ ಮೇಲೆ 3,000 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಸಾಮಾನ್ಯ ಎಂಜಿನ್ ತನ್ನ ಬಲದ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತಿತ್ತು. ಇದಕ್ಕೆ ಪರಿಹಾರವಾಗಿ ತಯಾರಕರು ಪಟ್ಟಿಯನ್ನು ಉದ್ದವಾಗಿಸುತ್ತ ಹೋದರು: ಸಾಮಾನ್ಯ ದಾರಿಯ ಗಾಡಿಗಳಲ್ಲಿ ಬಹುಕಾಲ 121 ಇಂಚು ಸುತ್ತಳತೆಯಿದ್ದ ಪಟ್ಟಿ ಬೆಟ್ಟದ ಗಾಡಿಗಳಲ್ಲಿ 150 ಇಂಚನ್ನು ದಾಟಿತು, ಅದರ ಮೇಲಿನ ರಬ್ಬರ್ ಹಲ್ಲುಗಳು ಮೂರು ಇಂಚಿನವರೆಗೆ ಬೆಳೆದು ಹಿಮವನ್ನು ದೋಣಿಯ ಹುಟ್ಟುಗಳಂತೆ ಹಿಂದಕ್ಕೆ ತಳ್ಳತೊಡಗಿದವು. ಗಾಡಿ ಸುಲಭವಾಗಿ ಒಂದು ಬದಿಗೆ ವಾಲಲೆಂದು ಮುಂದಿನ ಎರಡು ಸ್ಕೀಗಳ ನಡುವಣ ಅಂತರವನ್ನು ಕಿರಿದುಗೊಳಿಸಲಾಯಿತು.

ಈ ವಾಲುವಿಕೆಯೇ ಬೆಟ್ಟದ ಸವಾರಿಯ ಜೀವಾಳ. ಕಡಿದಾದ ಇಳಿಜಾರನ್ನು ಅಡ್ಡಡ್ಡಲಾಗಿ ದಾಟುವಾಗ ಸವಾರನು ಆಸನವನ್ನು ಬಿಟ್ಟು, ಬೆಟ್ಟದ ಕಡೆಗಿರುವ ಪಾದಪಟ್ಟಿಯ ಮೇಲೆ ನಿಂತು, ಹಿಡಿಕೆಯನ್ನು ಕಣಿವೆಯ ಕಡೆಗೆ ತಿರುಗಿಸುತ್ತಾನೆ. ಆಗ ಸುಮಾರು ಇನ್ನೂರು ಕಿಲೋ ತೂಕದ ಗಾಡಿ ಬೆಟ್ಟದ ಕಡೆಗೆ ವಾಲಿ, ಪಟ್ಟಿಯ ಒಂದೇ ಅಂಚಿನ ಮೇಲೆ ಹಿಮವನ್ನು ಕೊರೆಯುತ್ತ ಸಾಗುತ್ತದೆ. ವೇಗವರ್ಧಕದ ಮೇಲಿನ ಹೆಬ್ಬೆರಳು ಕ್ಷಣಕಾಲ ಸಡಿಲಿದರೂ ಗಾಡಿ ಮುಳುಗುತ್ತದೆ, ಅತಿಯಾಗಿ ಒತ್ತಿದರೆ ಮೂತಿ ಮೇಲೆದ್ದು ಮಗುಚುತ್ತದೆ. ಮರಗಳ ನಡುವೆ ಹೀಗೆ ದಾರಿ ಬಿಡಿಸಿಕೊಂಡು ಹೋಗುವ ಕೌಶಲವನ್ನು ಮೈದಾನದ ಜಿಗಿತಗಳಿಗಿಂತ ಹಿರಿದಾದ ಕಲೆಯೆಂದೇ ಪರಿಗಣಿಸಬೇಕು.

ಆದರೂ ಲೋಕಖ್ಯಾತಿ ದೊರೆತದ್ದು ಜಿಗಿತಕ್ಕೆ. ಕೊಲರಾಡೋದ ಆಸ್ಪೆನ್‌ನಲ್ಲಿ ನಡೆಯುವ ಎಕ್ಸ್ ಗೇಮ್ಸ್ ಎಂಬ ಸಾಹಸಕ್ರೀಡಾಕೂಟದಲ್ಲಿ 2007ರಲ್ಲಿ ಫ್ರೀಸ್ಟೈಲ್ ಸ್ಪರ್ಧೆ ಸೇರಿತು. ಇಳಿಜಾರು ಕಟ್ಟೆಯಿಂದ ಗಾಳಿಗೆ ಚಿಮ್ಮಿ, ಗಾಡಿಸಮೇತ ಹಿಂಪಲ್ಟಿ ಹೊಡೆದು ನೆಲಕ್ಕಿಳಿಯುವುದು ಅದರ ಮುಖ್ಯ ಆಕರ್ಷಣೆಯಾಗಿತ್ತು. ಕೊಲರಾಡೋದ ಬೆಟ್ಟಗಳಲ್ಲಿ ಪಳಗಿದ ಕ್ರಿಸ್ ಬುರಾಂಟ್ ಆ ವರ್ಷದ ಚಿನ್ನ ಗೆದ್ದರು. 2013ರ ಜನವರಿಯಲ್ಲಿ ಅದೇ ಸ್ಪರ್ಧೆಯಲ್ಲಿ ಬಿದ್ದು ಗಾಯಗೊಂಡ ಕ್ಯಾಲೆಬ್ ಮೂರ್ ಎಂಬ 25 ವರ್ಷದ ಸವಾರರು ಒಂದು ವಾರದ ಬಳಿಕ ಮೃತಪಟ್ಟದ್ದು ಆ ಕೂಟದ ಚರಿತ್ರೆಯಲ್ಲೇ ಮೊದಲ ಸಾವು.

ಬೆಟ್ಟದಲ್ಲಿನ ಅಪಾಯ ಬೇರೆ ಬಗೆಯದು. ಕಡಿದಾದ ಇಳಿಜಾರಿನಲ್ಲಿ ಯಾರು ಅತಿ ಎತ್ತರಕ್ಕೆ ಏರಿ ಹಿಂದಿರುಗುತ್ತಾರೆಂಬ ಪಂದ್ಯ ಸವಾರರಲ್ಲಿ ಹಿಂದಿನಿಂದಲೂ ರೂಢಿಯಲ್ಲಿದೆ; ಗಾಡಿಗಳ ಬಲ ಹೆಚ್ಚಿದಷ್ಟೂ ಅವರು ಹಿಮಕುಸಿತದ ನೆಲೆಗಳಿಗೆ ಹತ್ತಿರವಾದರು. ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಬಳಿಯ ಬೌಲ್ಡರ್ ಪರ್ವತದಲ್ಲಿ 2010ರ ಮಾರ್ಚ್ 13ರಂದು ಇಂಥ ಕೂಟವೊಂದರ ಮೇಲೆ ಹಿಮ ಕುಸಿದು ಇಬ್ಬರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ ಇವು ಪ್ರತಿಯೊಬ್ಬ ಸವಾರನ ಬಳಿಯೂ ಇರಬೇಕೆಂದು, ಇಳಿಜಾರನ್ನು ಒಮ್ಮೆಗೆ ಒಬ್ಬನೇ ಏರಬೇಕೆಂದು ತರಬೇತಿದಾರರು ಒತ್ತಿ ಹೇಳುತ್ತಾರೆ. ಮೇಲೆ ಸಿಕ್ಕಿಬಿದ್ದ ಗೆಳೆಯನ ನೆರವಿಗೆಂದು ಎರಡನೆಯವನು ಗಾಡಿ ಏರಿಸಿದಾಗಲೇ ಇಬ್ಬರೂ ಹೂತುಹೋದ ಪ್ರಕರಣಗಳು ನಡೆದಿರುವುದರಿಂದ, ಸಿಕ್ಕಿಬಿದ್ದವನು ತಾನಾಗಿ ಬಿಡಿಸಿಕೊಂಡು ಬರುವವರೆಗೆ ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕೆಂಬುದು ಈ ಸವಾರಿಯಲ್ಲಿ ಕಲಿಸುವ ನಿಯಮಗಳಲ್ಲೊಂದು.