ತಕ್ಕಡಿಗೆ ಏರಿದ ವಿಮಾನ

ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಮುಳ್ಳಯ್ಯನಗಿರಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರು ಎತ್ತರ. ತಪ್ಪಲಿನ ಚಿಕ್ಕಮಗಳೂರು ಸುಮಾರು 1,090 ಮೀಟರು. ನಡುವಣ 840 ಮೀಟರನ್ನು ಒಬ್ಬ ಮನುಷ್ಯ ತನ್ನ ಯಂತ್ರಸಹಿತ, ಒಟ್ಟು ನೂರು ಕಿಲೋಗ್ರಾಂ ತೂಕದೊಡನೆ, ಹಾರಿ ಏರಬೇಕೆನ್ನೋಣ. ಎತ್ತರದ ಲೆಕ್ಕವೊಂದನ್ನೇ ಹಿಡಿದರೆ ಕಾಲು ಯೂನಿಟ್ ವಿದ್ಯುತ್ತೂ ಬೇಕಾಗದು. 60 ವ್ಯಾಟಿನ ದೀಪವೊಂದು ನಾಲ್ಕು ಗಂಟೆ ಉರಿಯಲು ಬೇಕಾಗುವಷ್ಟು! ಹಾಗಾದರೆ ತೋಟದ ಕೊಟ್ಟಿಗೆಯಲ್ಲಿ ಮೋಟಾರು, ಬ್ಯಾಟರಿಗಳನ್ನು ಜೋಡಿಸಿಕೊಂಡು ಯಾರಾದರೂ ಹಾರಬಹುದಲ್ಲವೆ? ಈ ಆಸೆಗೆ ನಮ್ಮ ನಾಡಿನಲ್ಲಿಯೇ ಒಂದು ಚರಿತ್ರೆಯುಂಟು.

ಆನೇಕಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳು ಈ ಶತಮಾನಕ್ಕೆ ಹಿಂದಿನ ಶತಮಾನದ ಆದಿಭಾಗದಲ್ಲಿ, ಭರದ್ವಾಜ ಮಹರ್ಷಿಗಳದೆಂದು ಹೇಳಿ, ‘ವೈಮಾನಿಕ ಶಾಸ್ತ್ರ’ವನ್ನು ಸಂಸ್ಕೃತದಲ್ಲಿ ಬರೆಯಿಸಿದರು. 1923ರಲ್ಲಿ ಎಲ್ಲಪ್ಪನವರೆಂಬ ನಕ್ಷೆಗಾರರು ಅದಕ್ಕೆ ಚಿತ್ರಗಳನ್ನು ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂದು ವಿಮಾನಗಳ ಹೆಸರು. ವಿದ್ಯುತ್ತಿನಿಂದ ನಡೆಯುವ ಯಂತ್ರಭಾಗಗಳ ವರ್ಣನೆಗೂ ಅಲ್ಲಿ ಕೊರತೆಯಿಲ್ಲ. ಮೈಸೂರಿನ ಜಿ. ಆರ್. ಜೋಸಿಯರ್ ಅವರು 1973ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು.

ಕಾಲದ ವಿನೋದವನ್ನು ನೋಡಿ. ಅದೇ 1973ರ ಅಕ್ಟೋಬರಿನಲ್ಲಿ ಆಸ್ಟ್ರಿಯದ ವೆಲ್ಸ್ ಎಂಬಲ್ಲಿ, ಮನುಷ್ಯನನ್ನು ಹೊತ್ತ ವಿದ್ಯುತ್ ವಿಮಾನವೊಂದು ಮೊತ್ತಮೊದಲಿಗೆ ನೆಲವನ್ನು ಬಿಟ್ಟೆದ್ದಿತು. ಅದನ್ನು ರೂಪಿಸಿದ ಫ್ರೆಡ್ ಮಿಲಿಟ್ಕಿ ಮಾದರಿ ವಿಮಾನಗಳ ವಿನ್ಯಾಸಕ. ನಡೆಸಿದವನು ಹೈನೋ ಬ್ರಡಿಚ್ಕಾ. ಹಗುರವಾದ ಗ್ಲೈಡರಿನ ಜಾತಿಯ ಯಂತ್ರಕ್ಕೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ತುಂಬಿದ್ದರು. ಹಾರಾಟ ಕೆಲವೇ ನಿಮಿಷಗಳದು; ಆದರೆ ಅದು ಹಾರಾಟವೇ ಸರಿ.

ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಅವರ ನಾಲ್ವರು ಸಂಗಡಿಗರು ಶಾಸ್ತ್ರಿಗಳ ಗ್ರಂಥವನ್ನು ಪರೀಕ್ಷೆಗೆತ್ತಿಕೊಂಡರು. ಅವರು ಅದನ್ನು ನಗೆಯಾಡಿ ತಳ್ಳಿಹಾಕಲಿಲ್ಲ. ಭಾಷೆಯನ್ನು ನೋಡಿದರು: ಸಂಸ್ಕೃತವು ವೈದಿಕವಲ್ಲ, ಆಧುನಿಕ. ನಕ್ಷೆ, ಅಳತೆ, ತೂಕಗಳನ್ನು ಹಾರಾಟದ ನಿಯಮಗಳಿಗೆ ಒಡ್ಡಿದರು: ಒಂದೂ ಹಾರಲಾರದು. ಗ್ರಂಥ ಹುಟ್ಟಿದ್ದು 1900ರಿಂದ 1922ರ ನಡುವೆ ಎಂದು ತೀರ್ಮಾನಿಸಿದರು.

ಎರಡು ಕನಸುಗಳ ಅಂತರವಿರುವುದು ತಕ್ಕಡಿಯಲ್ಲಿ. ಏರುವುದಕ್ಕೆ ಬೇಕಾದ ಶಕ್ತಿ ಅಲ್ಪ. ಬೀಳದೆ ನಿಲ್ಲುವುದಕ್ಕೆ ಬೇಕಾದದ್ದು ಅಪಾರ. ರೆಕ್ಕೆ ಕಿರಿದಾದಷ್ಟೂ ಗಾಳಿಯನ್ನು ಕೆಳಗೊತ್ತುವ ವೆಚ್ಚ ಹೆಚ್ಚುತ್ತದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಅಡಗಿದ್ದರೆ, ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿರುವುದು ಯೂನಿಟ್ಟಿನ ಮೂವತ್ತರಲ್ಲೊಂದು ಪಾಲು ಮಾತ್ರ. ಹೀಗಾಗಿ ಬ್ಯಾಟರಿಯನ್ನು ಹೆಚ್ಚಿಸಿದರೆ ಹೊರೆಯೂ ಹೆಚ್ಚುತ್ತದೆ; ಹೊರೆಯನ್ನೆತ್ತಲು ಮತ್ತೆ ಬ್ಯಾಟರಿ ಬೇಕು. ಮಿಲಿಟ್ಕಿ ಈ ಸಾಲವನ್ನು ಉದ್ದನೆಯ ರೆಕ್ಕೆಯಿಂದ ತೀರಿಸಿದ. ಮುಂದೆ ಲಿಥಿಯಂ ಬ್ಯಾಟರಿಗಳು ಸೀಸದ ಐದಾರು ಪಟ್ಟು ಶಕ್ತಿಯನ್ನು ಹೊರುವಂತಾದವು. 2020ರಲ್ಲಿ ಯುರೋಪಿನ ವಿಮಾನಸುರಕ್ಷಾ ಸಂಸ್ಥೆ ಸ್ಲೊವೇನಿಯದ ವಿದ್ಯುತ್ ವಿಮಾನವೊಂದಕ್ಕೆ ಮೊದಲ ಬಾರಿಗೆ ಪೂರ್ಣ ಮಾನ್ಯತೆ ನೀಡಿತು.

ಪೂರ್ವಿಕರ ಹಿರಿಮೆಯನ್ನು ಕಾಯಲು ಸುಳ್ಳಿನ ಆಸರೆ ಬೇಕಿಲ್ಲ. ಬೆಂಗಳೂರಿನ ಆ ಐವರು ಗ್ರಂಥಕ್ಕೆ ತೋರಿದ ಗೌರವವೆಂದರೆ ಅದನ್ನು ಸಾಲುಸಾಲಾಗಿ ಓದಿ, ಅಳೆದು, ಕಂಡದ್ದನ್ನು ಕಂಡಂತೆ ಹೇಳಿದ್ದು. ಮನೆಯಂಗಳದಲ್ಲಿ ರೆಕ್ಕೆ ಕಟ್ಟಬಯಸುವ ತರುಣನಿಗೆ ಪುಷ್ಪಕದ ಕಥೆ ಹುರುಪನ್ನು ಕೊಡಲಿ. ಆದರೆ ಅವನ ಪ್ರಾಣವನ್ನು ಕಾಯುವುದು ತಕ್ಕಡಿಯೇ.